ಮಣಿಪಾಲದ ಬಾಡಿಗೆ

ಮಣಿಪಾಲ ಚೆಲುವಾದ ಊರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಎಂಡ್ ಪಾಯಿಂಟಿನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ. ಮುರಕಲ್ಲಿನ ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ತೆರೆದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ವಂಡ್ಸೆಯ ರೋಗಿಗೂ ಆಸರೆ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಈಗ ಜಿಲ್ಲಾ ಕಚೇರಿಯೂ ಅಲ್ಲೇ, ರಜತಾದ್ರಿಯಲ್ಲಿ.

ಆದರೆ ಅಲ್ಲಿ ದುಡಿಯುವವರು ಅಲ್ಲಿಯೇ ಬಾಳಬಲ್ಲರೇ? ಹಾಸ್ಟೆಲಿನಲ್ಲಿ ಬೇಯಿಸುವವರು, ವಾರ್ಡಿನ ನೆಲ ಒರೆಸುವವರು, ಮಹಡಿಗೆ ಕಲ್ಲು ಹೊರುವವರು ಬಡವರೇ. ದೂರದೂರಿನ ಮೂವರು ವಿದ್ಯಾರ್ಥಿಗಳು ಹಂಚಿಕೊಂಡು ತೆರುವ ಬಾಡಿಗೆಯನ್ನು ಒಂದೇ ಸಂಬಳದ ಸಂಸಾರ ಎಲ್ಲಿಂದ ತಂದೀತು? ಮನೆಯ ಯಜಮಾನನಿಗೆ ಲೆಕ್ಕ ಚೆನ್ನಾಗಿ ಗೊತ್ತು! ನಮ್ಮ ಕಡೆಯಿಂದ ಹೋಗುವವರಿಗೆ ಕೂಲಿಯ ಒಂದು ಪಾಲು ಬಸ್ಸಿಗೆ, ನಿದ್ದೆಯ ಒಂದು ಪಾಲು ರಸ್ತೆಗೆ.

ಸಣ್ಣ ಅಂಗಡಿಕಾರರ ಪಾಡೂ ಬೇರೆಯಲ್ಲ. ಕಾಲೇಜಿಗೆ ರಜೆ ಬಂದರೆ ಗಿರಾಕಿಯಿಲ್ಲ, ಬಾಡಿಗೆಗೆ ರಜೆಯಿಲ್ಲ. 2020ರಲ್ಲಿ ಕೋವಿಡಿಗೆ ಹೆದರಿ ವಿದ್ಯಾರ್ಥಿಗಳು ಊರು ಬಿಟ್ಟಾಗ ಇದು ಎಲ್ಲರಿಗೂ ಕಂಡಿತು.

ಉಡುಪಿ ನಗರಸಭೆ ದೊಡ್ಡ ವಸತಿ ಕಟ್ಟಡಗಳಿಗೆ ಪರವಾನಿಗೆ ಕೊಡುವಾಗ ದುಡಿಯುವವರಿಗೆ ಕೆಲವು ಮನೆಗಳನ್ನು ಮೀಸಲಿಡಬೇಕೆಂಬ ಷರತ್ತು ಹಾಕಲಿ. ದುಡಿಸಿಕೊಳ್ಳುವ ಸಂಸ್ಥೆಗಳು ತಮ್ಮ ಕೆಳದರ್ಜೆಯ ನೌಕರರಿಗೆ ವಸತಿ ಕಟ್ಟಿಸಲಿ. ಗುತ್ತಿಗೆಯವರನ್ನು ಮಾತ್ರ ಆ ಪಟ್ಟಿಯಿಂದ ಬಿಡಕೂಡದು.