ಮಾವನ ಕಂಪ್ಯೂಟರ್ ಮತ್ತು ಉದ್ದನೆಯ ಬೀಪ್

ಹೋದ ತಿಂಗಳು ಚಳ್ಳಕೆರೆಗೆ ಹೋದಾಗ ಅಮ್ಮ ಊಟಕ್ಕೆ ಬಡಿಸೋ ಮೊದಲೇ ಶುರು ಮಾಡಿದ್ರು: "ಮೊಳಕಾಲ್ಮೂರಿಂದ ನಿಮ್ಮ ಮಾವ ಮೂರು ಸಲ ಫೋನ್ ಮಾಡಿದ್ದ. ಕಂಪ್ಯೂಟರ್ ಆನ್ ಆಗ್ತಿಲ್ವಂತೆ." ಸಾಫ್ಟ್‌ವೇರ್‌ನವರು ಅಂದ್ರೆ ಮಿಕ್ಸಿ ಕೂಡ ರಿಪೇರಿ ಮಾಡ್ತಾರೆ ಅನ್ನೋ ನಂಬಿಕೆ ನಮ್ಮ ಮನೇಲೂ ಇದೆ.

ಆದ್ರೆ ಇದು ತಳ್ಳಿಹಾಕೋ ವಿಷಯ ಆಗಿರಲಿಲ್ಲ. ಮಾವ ರೇಷ್ಮೆ ಸೀರೆಗೆ ಡಿಸೈನ್ ಮಾಡಿಕೊಡ್ತಾರೆ. ಅಂಚು, ಸೆರಗು, ನವಿಲು, ಬುಟ್ಟಾ ಎಲ್ಲ ಅದರಲ್ಲೇ ಇರೋದು. ಅದನ್ನ ನೋಡಿಯೇ ಮಗ್ಗದ ಜಕಾರ್ಡ್ ಕಾರ್ಡ್‌ಗಳಿಗೆ ತೂತು ಹೊಡೆಯೋದು. ಮೊಳಕಾಲ್ಮೂರು ಸೀರೆಗೆ ಜಿಐ ಟ್ಯಾಗ್ ಬಂದಿದೆ, ಮಾವನ ಡಿಸೈನ್‌ಗಳಿಗೆ ಮಾತ್ರ ಬ್ಯಾಕಪ್ ಬಂದಿರಲಿಲ್ಲ.

ಅಂಗಡಿಯವರು "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದಿದ್ರಂತೆ. ಡಿಸೈನ್ ಸಾಫ್ಟ್‌ವೇರ್ ನಡೆಯೋದು ಹಳೇ ವಿಂಡೋಸ್ ಎಕ್ಸ್‌ಪಿಯಲ್ಲಿ. ಹಿಂದಿನ ಅಗಲವಾದ ಪ್ಯಾರಲಲ್ ಪೋರ್ಟ್‌ಗೆ ಡಾಂಗಲ್ ಸಿಕ್ಕಿಸದಿದ್ರೆ ತೆರೆಯೋದೇ ಇಲ್ಲ. ಹೊಸ ಕಂಪ್ಯೂಟರಲ್ಲಿ ಆ ಪೋರ್ಟ್ ಎಲ್ಲಿರುತ್ತೆ?

ಬಟನ್ ಒತ್ತಿದೆ. ಫ್ಯಾನ್ ತಿರುಗ್ತು, ಸ್ಕ್ರೀನ್ ಕಪ್ಪು, ಉದ್ದನೆಯ ಬೀಪ್ ಮೇಲೆ ಬೀಪ್. ನನಗೆ ಖುಷಿಯಾಯ್ತು. ಬೀಪ್ ಕೊಡ್ತಿದೆ ಅಂದ್ರೆ ಬೋರ್ಡ್ ಪೂರ್ತಿ ಸತ್ತಿಲ್ಲ, ಏನೋ ಹೇಳ್ತಿದೆ. ಬೀಪ್ ಭಾಷೆ ಕಂಪನಿಯಿಂದ ಕಂಪನಿಗೆ ಬೇರೆ. ಇದರಲ್ಲಿದ್ದ ಅವಾರ್ಡ್ ಬಯೋಸ್‌ನಲ್ಲಿ ಹೀಗೆ ಎಳೆದು ಎಳೆದು ಕೂಗಿದ್ರೆ ಸಾಮಾನ್ಯವಾಗಿ ರ್‍ಯಾಮ್ ತಕರಾರು.

ಕರೆಂಟ್ ವೈರ್ ಕಿತ್ತು, ಮೊದಲು ಹಾರ್ಡ್ ಡಿಸ್ಕ್‌ನ ಕೇಬಲ್ ಬಿಚ್ಚಿಟ್ಟೆ. ಪದೇ ಪದೇ ಆನ್-ಆಫ್ ಮಾಡುವಾಗ ಹಳೇ ಡಿಸ್ಕ್ ಯಾಕೆ ಸುಮ್ನೆ ದಣೀಬೇಕು? ಕ್ಯಾಬಿನೆಟ್‌ನ ಲೋಹ ಮುಟ್ಟಿ ಮೈಮೇಲಿನ ಸ್ಟ್ಯಾಟಿಕ್ ಇಳಿಸ್ಕೊಂಡು ಒಳಗೆ ಕೈ ಹಾಕಿದೆ. ಧೂಳಿನ ಜತೆ ರೇಷ್ಮೆಯ ಸಣ್ಣ ಎಳೆಗಳು. ರ್‍ಯಾಮ್ ತೆಗೆದು, ಮಾವನ ಮೊಮ್ಮಗನ ರಬ್ಬರ್‌ನಿಂದ ಅದರ ಚಿನ್ನದ ಬಣ್ಣದ ಪಟ್ಟಿಗಳನ್ನ ನಿಧಾನಕ್ಕೆ ಉಜ್ಜಿದೆ. ರಬ್ಬರ್ ಕಪ್ಪಾಯ್ತು. ಮತ್ತೆ ಒತ್ತಿ ಕೂರಿಸಿ ಆನ್ ಮಾಡಿದ್ರೆ ಒಂದೇ ಒಂದು ಚಿಕ್ಕ ಬೀಪ್.

ಅಲ್ಲಿಗೆ ಮುಗೀಲಿಲ್ಲ. ತಾರೀಖು ಎಷ್ಟೋ ವರ್ಷ ಹಿಂದಿನದು. ಬೋರ್ಡ್ ಮೇಲಿನ 3 ವೋಲ್ಟ್‌ನ ಸಿಆರ್2032 ಸೆಲ್ ಮುಗಿದಿತ್ತು. ವಾಚ್ ಅಂಗಡಿಯಿಂದ ಹೊಸದು ತಂದು ಹಾಕಿ, ಡಿಸ್ಕ್ ಜೋಡಿಸಿದೆ. ವಿಂಡೋಸ್ ಲೋಗೋ ಬಂತು, ತಕ್ಷಣ ನೀಲಿ ಸ್ಕ್ರೀನ್. ಮಾವ ಎದ್ದು ಹೊರಗೆ ಹೋದ್ರು.

ನಾನೂ ಬೆವೆತೆ, ಸುಳ್ಳು ಯಾಕೆ. ಆಮೇಲೆ ಹೊಳೀತು: ಸೆಲ್ ಸತ್ತಾಗ ಬಯೋಸ್ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿ, ಡಿಸ್ಕ್ ಮೋಡ್ ಎಎಚ್‌ಸಿಐಗೆ ಹೋಗಿದೆ. ಎಕ್ಸ್‌ಪಿಗೆ ಅದರ ಡ್ರೈವರ್ ಗೊತ್ತಿಲ್ಲ. ಐಡಿಇಗೆ ಬದಲಾಯಿಸಿದೆ. ತೆರೀತು.

ಬೇರೇನೂ ಮುಟ್ಟದೆ ಮೊದಲು ಕಾಪಿ ಮಾಡ್ದೆ. ಹದಿನೈದು ವರ್ಷದ ನವಿಲು, ಬುಟ್ಟಾ, ಅಂಚು ಸೇರಿ 8 ಜಿಬಿ ಪೆನ್‌ಡ್ರೈವ್‌ನ ಕಾಲುಭಾಗವೂ ತುಂಬಲಿಲ್ಲ. ಇನ್ನೊಂದು ಕಾಪಿ ನನ್ನ ಲ್ಯಾಪ್‌ಟಾಪ್‌ಗೆ.

ಮೊನ್ನೆ ಆಫೀಸ್ ಮೀಟಿಂಗ್ ಮಧ್ಯೆ ಮಾವನ ಫೋನ್. ಗಾಬರಿಯಾಗಿ ಎತ್ತಿದೆ. ಮೊಬೈಲನ್ನ ಕ್ಯಾಬಿನೆಟ್ ಹತ್ರ ಹಿಡಿದಿದ್ರು. "ಕೇಳಿಸ್ತೇನವ್ವಾ? ಒಂದೇ ಬೀಪು."