ನೋಟಿಸ್ ಬೋರ್ಡಿನಲ್ಲೇ ಉಳಿಯುವ ಅವಕಾಶಗಳು

ಶಾಲೆಗಳು ಮತ್ತೆ ತೆರೆದಿವೆ. ಬ್ಯಾಗು, ಕೊಡೆ, ರೇನ್‌ಕೋಟಿನ ಖರೀದಿಯೂ ಮುಗಿದಿದೆ. ವಿಟ್ಲದಿಂದ ಫರಂಗಿಪೇಟೆವರೆಗೆ ನಮ್ಮ ಬ್ಯಾರಿ ಮನೆಗಳಲ್ಲಿ ಈ ದಿನಗಳ ಮಾತು ಹೆಚ್ಚುಕಡಿಮೆ ಒಂದೇ: ಯಾವ ಶಾಲೆಗೆ ಎಷ್ಟು ಡೊನೇಷನ್, ಯಾವ ಶಾಲೆಯ ಬಸ್ಸು ಗೇಟಿನವರೆಗೆ ಬರುತ್ತದೆ. ದುಡ್ಡು ಕೊಡದೆ ನಮ್ಮ ಮಕ್ಕಳಿಗೆ ಏನೇನು ಸಿಗುತ್ತದೆ, ಅದಕ್ಕೆ ಕೊನೆಯ ದಿನ ಯಾವಾಗ ಎಂದು ಕೇಳುವವರು ಮಾತ್ರ ಕಡಿಮೆ.

ನಮ್ಮದು ಬಂಟ್ವಾಳ ಶಿಕ್ಷಣ ವಲಯ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಸುತ್ತೋಲೆ ಮುಖ್ಯ ಶಿಕ್ಷಕರಿಗೆ ಬರುತ್ತದೆ. ಅಲ್ಲಿಂದ ನೋಟಿಸ್ ಬೋರ್ಡಿಗೆ, ಇಲ್ಲವೇ ಶಾಲೆಯ ವಾಟ್ಸಾಪ್ ಗ್ರೂಪಿಗೆ. ಗ್ರೂಪಿನಲ್ಲಿರುವ ನಂಬರು ಬಾಪನದ್ದು, ಬಾಪ ಇರುವುದು ದಮ್ಮಾಮಿನಲ್ಲಿ. ಡ್ಯೂಟಿ ಮುಗಿಸಿ ಅವರು ನೋಡುವಾಗ ಮೆಸೇಜು ಎಲ್ಲೋ ಮೇಲೆ ಹೋಗಿರುತ್ತದೆ. ಮಕ್ಕಳ ಬುದ್ಧಿ ಕಡಿಮೆಯಾಗಿ ಅಲ್ಲ, ಒಂದು ಕಾಗದ ಮತ್ತು ಒಂದು ತಾರೀಕು ತಪ್ಪಿ ಅವಕಾಶ ಹೋಗುತ್ತಿದೆ. ದಿನಾ ಬೆಳಿಗ್ಗೆ ಈ ಮಕ್ಕಳನ್ನು ಮದ್ರಸದ ಬೆಂಚಿನಲ್ಲಿ ನೋಡುವ ನನ್ನಂಥವರಿಗೆ ಇದು ಬೇಗ ಗೊತ್ತಾಗುತ್ತದೆ.

ಮೊದಲು ಐದನೇ ತರಗತಿಯ ಮಕ್ಕಳ ವಿಷಯ. ಮುಡಿಪುವಿನಲ್ಲಿ ಜವಾಹರ ನವೋದಯ ವಿದ್ಯಾಲಯ ಇದೆ. ಸುತ್ತಮುತ್ತ ನಮ್ಮವರದೇ ಎಷ್ಟೋ ಮನೆಗಳು. ಆ ಗೇಟಿನ ಎದುರು ದಿನಾ ಬಸ್ಸಿನಲ್ಲಿ ಹೋಗುವ ನಮಗೆ ಒಳಗೆ ಯಾರು ಓದುತ್ತಾರೆ, ಹೇಗೆ ಸೇರುತ್ತಾರೆ ಎಂಬುದು ತಿಳಿದಿಲ್ಲ. ಕೇಂದ್ರ ಸರಕಾರದ ವಸತಿ ಶಾಲೆ ಅದು, ಸಿಬಿಎಸ್‌ಇ ಪಠ್ಯ, ಆರರಿಂದ ಹನ್ನೆರಡನೇ ತರಗತಿವರೆಗೆ. ಆರನೇ ತರಗತಿಗೆ 80 ಸೀಟು. ಈ ಜಿಲ್ಲೆಯ ಮಾನ್ಯತೆ ಇರುವ ಶಾಲೆಯಲ್ಲಿ ಐದನೇ ಓದುತ್ತಿರುವ ಮಗು ಮಾತ್ರ ಅರ್ಜಿ ಹಾಕಬಹುದು, ಅದೂ ಒಂದೇ ಸಲ. ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರೀಕ್ಷೆ ಎರಡು ಗಂಟೆಯದ್ದು, 80 ಪ್ರಶ್ನೆ, 100 ಅಂಕ. ಕನ್ನಡದಲ್ಲೇ ಬರೆಯಬಹುದು. ಅರ್ಧದಷ್ಟು ಪ್ರಶ್ನೆಗಳು ಚಿತ್ರ ನೋಡಿ ಉತ್ತರಿಸುವ ಮಾನಸಿಕ ಸಾಮರ್ಥ್ಯದವು, ಉಳಿದದ್ದು ಲೆಕ್ಕ ಮತ್ತು ಭಾಷೆ. ಟ್ಯೂಷನ್ ಇಲ್ಲದ ಮಗುವೂ ನಾಲ್ಕು ತಿಂಗಳು ಕೂತು ಅಭ್ಯಾಸ ಮಾಡಿದರೆ ಎದುರಿಸಬಹುದಾದ ಪರೀಕ್ಷೆ ಇದು.

ಇನ್ನೊಂದು ಮಾತು. ಇದಕ್ಕೆ ಆದಾಯದ ಮಿತಿ ಇಲ್ಲ. ತಂದೆ ಗಲ್ಫಿನಲ್ಲಿ ಇದ್ದಾರೆ, ನಮಗೆ ಸರಕಾರದ್ದು ಯಾವುದೂ ಸಿಗಲಿಕ್ಕಿಲ್ಲ ಎಂದು ಕೂತವರು ಇದನ್ನು ಗಮನಿಸಬೇಕು.

ಮಗಳನ್ನು ಹಾಸ್ಟೆಲಿನಲ್ಲಿ ಹೇಗೆ ಬಿಡುವುದು ಎಂದು ಉಮ್ಮಂದಿರು ಕೇಳುತ್ತಾರೆ. ಆ ಅಂಜಿಕೆಯನ್ನು ನಗೆಯಾಡುವುದು ಬೇಡ. ಆದರೆ ಹನ್ನೊಂದು ವರ್ಷದ ಗಂಡುಮಗುವನ್ನು ಹಿಫ್ಳಿಗೆಂದು ದೂರದ ಊರಿಗೆ ಧೈರ್ಯವಾಗಿ ಕಳಿಸುವ ಸಮುದಾಯ ನಮ್ಮದು. ಮುಡಿಪು ಅಷ್ಟು ದೂರವಿಲ್ಲ. ಒಮ್ಮೆ ಹೋಗಿ ನೋಡಿ, ಊಟ, ಭದ್ರತೆ, ನಮಾಝ್ ಎಲ್ಲವನ್ನೂ ಕೇಳಿ, ಆಮೇಲೆ ಬೇಡ ಎನ್ನಿ. ಕೇಳದೆಯೇ ಬೇಡ ಎನ್ನುವುದು ಮಗುವಿಗೆ ಮಾಡುವ ಅನ್ಯಾಯ.

ಎರಡನೆಯದು ಎಂಟನೇ ತರಗತಿಯವರದ್ದು. ಎನ್‌ಎಂಎಂಎಸ್ ಎಂಬ ಹೆಸರು ಕೇಳಿದ ಮನೆ ನಮ್ಮಲ್ಲಿ ಎಷ್ಟಿದೆಯೋ! ಕೇಂದ್ರ ಸರಕಾರ 2008ರಲ್ಲಿ ಶುರುಮಾಡಿದ ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಒಂದು ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂ., ಒಟ್ಟು 48,000. ಪಿಯುಸಿ ಓದಿಸಲು ಕಷ್ಟವಾಗಿ ಮಗನನ್ನು ಅಂಗಡಿಗೆ ನಿಲ್ಲಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು, ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇದು ಸಿಗುತ್ತದೆ. ಏಳನೇ ಮುಗಿದ ಕೂಡಲೇ ಸರಕಾರಿ ಶಾಲೆಯಿಂದ ಟಿಸಿ ತೆಗೆದು, ಸಾಲ ಮಾಡಿ ಖಾಸಗಿ ಇಂಗ್ಲಿಷ್ ಮೀಡಿಯಂಗೆ ಸೇರಿಸುವ ವಾಡಿಕೆ ನಮ್ಮಲ್ಲಿ ಉಂಟು. ಆ ಮಗುವಿಗೆ ಪರೀಕ್ಷೆ ಬರೆಯುವ ಅರ್ಹತೆಯೇ ಹೋಗುತ್ತದೆ. ಇಂಗ್ಲಿಷ್ ಬೇಕೆಂಬ ಆಸೆಗೆ ನನ್ನ ವಿರೋಧವಿಲ್ಲ, ನನ್ನ ಮಕ್ಕಳಿಗೂ ಅದು ಬೇಕು. ಅದಕ್ಕಾಗಿಯೇ ಅಲ್ಪಸಂಖ್ಯಾತರ ಇಲಾಖೆಯ ಮೌಲಾನಾ ಆಝಾದ್ ಮಾದರಿ ಶಾಲೆಗಳಿವೆ, ಆರನೇ ತರಗತಿಯಿಂದ ಹತ್ತರವರೆಗೆ, ಶುಲ್ಕವಿಲ್ಲದೆ ಇಂಗ್ಲಿಷ್ ಮಾಧ್ಯಮ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಇವೆ. ಹಲವು ಸರಕಾರಿ ಶಾಲೆಗಳಲ್ಲೂ ಈಗ ಇಂಗ್ಲಿಷ್ ವಿಭಾಗ ಉಂಟು. ಇವನ್ನು ವಿಚಾರಿಸಿದ ಮೇಲೆ ಸಾಲದ ಮಾತು ಬರಲಿ.

ಆರ್‌ಟಿಇ ಸೀಟು ಎಂದು ಈಗಲೂ ಕೇಳುವವರಿದ್ದಾರೆ. 2019ರ ನಂತರ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಒಂದರಿಂದ ಎಂಟನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ಪ್ರಿ-ಮೆಟ್ರಿಕ್ ಸ್ಕಾಲರ್‌ಶಿಪ್ಪನ್ನೂ ಕೇಂದ್ರ 2022ರಲ್ಲಿ ನಿಲ್ಲಿಸಿತು. ಹೋದದ್ದರ ಬಗ್ಗೆ ಬೇಸರ ಇದ್ದದ್ದೇ. ಇರುವುದನ್ನಾದರೂ ಬಿಡಬಾರದಲ್ಲ.

ಇನ್ನು ಕಾಗದಪತ್ರ. ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. ಮಗುವಿನ ಹೆಸರು ಜನನ ಪತ್ರದಲ್ಲಿ ಮುಹಮ್ಮದ್, ಆಧಾರಿನಲ್ಲಿ ಮೊಹಮ್ಮದ್, ಶಾಲೆಯ ದಾಖಲೆಯಲ್ಲಿ ಬರೇ ಎಂ.ಡಿ. ಹೆಣ್ಣುಮಗುವಾದರೆ ಒಂದು ಕಡೆ ಫಾತಿಮತ್, ಇನ್ನೊಂದು ಕಡೆ ಫಾತಿಮಾ. ನಮಗೆ ಎಲ್ಲವೂ ಒಂದೇ ಹೆಸರು. ಕಂಪ್ಯೂಟರಿಗೆ ಅವು ಬೇರೆ ಬೇರೆ ಮಕ್ಕಳು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದರೆ ತಿದ್ದಿಸಲು ವರ್ಷಗಟ್ಟಲೆ ಅಲೆದಾಟ, ಆಮೇಲೆ ಪಾಸ್‌ಪೋರ್ಟಿಗೂ ಅದೇ ಗೋಳು. ಹೆಸರಿಡುವಾಗ ಅರ್ಥ ಕೇಳಲು ಉಸ್ತಾದರ ಬಳಿ ಬರುತ್ತೀರಿ, ಸಂತೋಷ. ಇಂಗ್ಲಿಷ್ ಅಕ್ಷರಗಳನ್ನೂ ಅದೇ ದಿನ ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಮುಂದೆ ಎಲ್ಲ ಕಡೆ ಅದನ್ನೇ ಕೊಡಿ.

ಆಧಾರಿನ ಬೆರಳಚ್ಚನ್ನು ಮಗುವಿಗೆ ಐದು ವರ್ಷವಾದಾಗ ಒಮ್ಮೆ, ಹದಿನೈದಾದಾಗ ಇನ್ನೊಮ್ಮೆ ನವೀಕರಿಸಬೇಕು. ಮೊಬೈಲ್ ನಂಬರ್ ಉಮ್ಮನದ್ದು ಇರಲಿ. ಬಾಪನ ನಂಬರಿಗೆ ಒಟಿಪಿ ಹೋಗಿ, ಅವರು ಸೈಟಿನಲ್ಲಿ ಫೋನ್ ಎತ್ತದೆ, ಸೈಬರ್ ಸೆಂಟರಿನಲ್ಲಿ ಮಗುವನ್ನು ಎತ್ತಿಕೊಂಡು ಉಮ್ಮ ಕಾಯುವ ಅವಸ್ಥೆ ಸಾಕು. ಸ್ಕಾಲರ್‌ಶಿಪ್ ದುಡ್ಡು ಬರುವುದು ಆಧಾರ್ ಜೋಡಿಸಿದ ಖಾತೆಗೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಅದು ಜೋಡಣೆ ಆಗುವುದಿಲ್ಲ, ಸರಕಾರದ ಹಣ ಈ ಖಾತೆಗೇ ಬರಲಿ ಎಂದು ಬೇರೆಯೇ ಒಪ್ಪಿಗೆ ಬರೆದುಕೊಡಬೇಕು. ಅಂಚೆ ಕಚೇರಿಯಲ್ಲೂ ಇದು ಆಗುತ್ತದೆ.

ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಮನೆಯಲ್ಲಿರುವುದರ ತಾರೀಕು ಇವತ್ತೇ ನೋಡಿ. ಮುಗಿದಿದ್ದರೆ ಬಂಟ್ವಾಳ, ಪಾಣೆಮಂಗಳೂರು, ವಿಟ್ಲ, ನಿಮ್ಮ ಹೋಬಳಿ ಯಾವುದೋ ಅಲ್ಲಿನ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ಕೊನೆಯ ವಾರದಲ್ಲಿ ಎಲ್ಲರೂ ಒಟ್ಟಿಗೆ ಹೋದರೆ ಸರ್ವರ್ ಸಿಗುವುದಿಲ್ಲ. ವಿದೇಶದ ದುಡಿಮೆಯನ್ನು ಮುಚ್ಚಿಟ್ಟು ಸುಳ್ಳು ಆದಾಯ ಬರೆಸಬೇಡಿ. ಪಕ್ಕದ ಮನೆಯ ಯತೀಮ್ ಮಗುವಿಗೆ ಹೋಗಬೇಕಾದದ್ದನ್ನು ನಾವು ತೆಗೆದುಕೊಂಡ ಹಾಗಾಗುತ್ತದೆ, ಅದು ಹಲಾಲ್ ಅಲ್ಲ.

ಶಾಲೆಯಲ್ಲಿ ಟೀಚರ್ ಇಲ್ಲ, ಮಾಡು ಸೋರುತ್ತದೆ ಎಂದು ಚಾ ಅಂಗಡಿಯಲ್ಲಿ ಹೇಳುತ್ತೇವೆ. ಹೇಳಬೇಕಾದ ಜಾಗ ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಬಾಪ ಊರಲ್ಲಿಲ್ಲದಿದ್ದರೆ ಉಮ್ಮ ಹೋಗಲಿ. ಸಹಿ ಹಾಕಿ ಬರುವುದಕ್ಕೆ ಮಾತ್ರ ಅಲ್ಲ, ಈ ವರ್ಷ ಎನ್‌ಎಂಎಂಎಸ್‌ಗೆ ನಮ್ಮ ಶಾಲೆಯಿಂದ ಎಷ್ಟು ಮಕ್ಕಳ ಹೆಸರು ಹೋಗಿದೆ ಎಂದು ಕೇಳಿ ಬರಲಿ. ಆ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕುವುದು ಶಾಲೆಯವರು. ಕೇಳುವವರಿದ್ದರೆ ಅವರಿಗೂ ನೆನಪಿರುತ್ತದೆ.

ಜಮಾಅತ್ ಕಮಿಟಿಗಳಿಗೂ ಒಂದು ವಿನಂತಿ. ಜುಮಾ ನಂತರ ಸಂದೂಕದ ಲೆಕ್ಕ, ಮದುವೆಯ ಆಮಂತ್ರಣ ಓದುವ ಮೈಕಿನಲ್ಲಿ ಎರಡು ನಿಮಿಷ ಇದಕ್ಕೂ ಕೊಡಿ. ನವೋದಯದ ಅರ್ಜಿ ಸಾಮಾನ್ಯವಾಗಿ ಮಳೆಗಾಲದಲ್ಲೇ ಶುರುವಾಗುತ್ತದೆ, ಎನ್‌ಎಂಎಂಎಸ್ ಅದರ ನಂತರ. ಪ್ರತೀ ವರ್ಷದ ತಾರೀಕನ್ನು ಶಾಲೆಯಲ್ಲಿ ಕೇಳಿ ತಂದು ಓದುವ ಕೆಲಸವನ್ನು ಒಬ್ಬ ಡಿಗ್ರಿ ಓದುವ ಹುಡುಗನಿಗೋ ಹುಡುಗಿಗೋ ಒಪ್ಪಿಸಬಹುದು. ಜುಮಾಕ್ಕೆ ಬಾರದ ಉಮ್ಮಂದಿರಿಗೆ ಮದ್ರಸದ ಮಕ್ಕಳ ಕೈಯಲ್ಲಿ ಚೀಟಿ ಕಳಿಸಬೇಕು.

ನಮ್ಮ ಉಸ್ತಾದರಲ್ಲೂ ಕೇಳಿಕೊಳ್ಳುವುದಿದೆ. ಮದ್ರಸದ ಐದನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಮಕ್ಕಳನ್ನು ಎಷ್ಟು ಶಿಸ್ತಿನಿಂದ ತಯಾರು ಮಾಡುತ್ತೇವೆ! ಅದೇ ವಯಸ್ಸಿನ ಮಕ್ಕಳೇ ನವೋದಯವನ್ನೂ ಬರೆಯುವವರು. ಭಾನುವಾರ ಮದ್ರಸ ಹೆಚ್ಚು ಹೊತ್ತು ನಡೆಯುವ ದಿನ. ಎನ್‌ಎಂಎಂಎಸ್ ಪರೀಕ್ಷೆ ಭಾನುವಾರವೇ ಬಂದರೆ ಆ ಮಕ್ಕಳಿಗೆ ರಜೆ ಕೊಡಿ, ಹಾಜರಿ ಪುಸ್ತಕದಲ್ಲಿ ಗೈರು ಹಾಕಬೇಡಿ.