ಅತ್ತೆಯ ಮಾತು ಮೀರಿದ ರೂತಳು

ಬೈಬಲಿನ ಹಳೆಯ ಒಡಂಬಡಿಕೆಯ ರೂತಳನ್ನು ತಗ್ಗಿಬಗ್ಗಿ ನಡೆದ ಮಾದರಿ ಸೊಸೆ ಎಂದು ಕೊಂಡಾಡುವವರೇ ಹೆಚ್ಚು. ನಾಲ್ಕೇ ಅಧ್ಯಾಯಗಳ ಆ ಪುಸ್ತಕವನ್ನು ಸಾವಧಾನವಾಗಿ ಓದಿದರೆ ಈ ಹೊಗಳಿಕೆ ನಿಲ್ಲುವುದಿಲ್ಲ. ಬೇತ್ಲೆಹೇಮಿನಲ್ಲಿ ಬರ ಬಿದ್ದಾಗ ನೊವೊಮಿ ಗಂಡ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ಮೋವಾಬ್ ದೇಶಕ್ಕೆ ಗುಳೆ ಹೋದಳು. ಅಲ್ಲಿ ಗಂಡ ತೀರಿಕೊಂಡ. ಮೋವಾಬಿನ ಹೆಣ್ಣುಗಳಾದ ಒರ್ಫಾ ಮತ್ತು ರೂತಳನ್ನು ಮದುವೆಯಾಗಿದ್ದ ಮಕ್ಕಳೂ ಸತ್ತರು. ಊರಿಗೆ ಹಿಂದಿರುಗುವ ದಾರಿಯಲ್ಲಿ ಆಕೆ ಸೊಸೆಯರಿಗೆ ಮತ್ತೆ ಮತ್ತೆ ಹೇಳಿದ್ದು ಒಂದೇ: ತವರಿಗೆ ಹೋಗಿ, ಇನ್ನೊಂದು ಮದುವೆಯಾಗಿ ಸುಖವಾಗಿರಿ. ಒರ್ಫಾ ಅತ್ತು, ಅತ್ತೆಗೆ ಮುತ್ತಿಟ್ಟು ಹೊರಟಳು. ಕಥೆ ಅವಳನ್ನು ಎಲ್ಲೂ ದೂರುವುದಿಲ್ಲ. ರೂತಳು ಮಾತ್ರ ಹೋಗಲೊಪ್ಪಲಿಲ್ಲ. ಅಂದ ಮೇಲೆ ಅವಳ ನಿಷ್ಠೆ ಶುರುವಾಗುವುದೇ ಅತ್ತೆಯ ಮಾತು ಮೀರುವುದರಿಂದ. ಅವಳಿಗೆ ತಂದೆತಾಯಿ ಇದ್ದರು, ಹೋಗಲು ಅನುಮತಿಯೂ ಇತ್ತು. ಹೋಗಲು ಬಿಡದ ಮನೆಯಲ್ಲಿ ಉಳಿಯುವುದನ್ನು ನಿಷ್ಠೆಯೆಂದು ಕರೆಯಲು ಈ ಕಥೆಯಲ್ಲಿ ಯಾವ ಆಧಾರವೂ ಇಲ್ಲ.

ಅವಳ ನಂಬಿಕೆಯ ಬಗೆಯೂ ವಿಶೇಷವಾದದ್ದು. ನೀನು ಹೋದಲ್ಲಿಗೆ ನಾನೂ ಬರುತ್ತೇನೆ ಎಂಬ ಮಾತು ಮೊದಲು ಬರುತ್ತದೆ. ನೊವೊಮಿಯ ಜನ, ನೊವೊಮಿಯ ದೇವರು ಆಮೇಲೆ. ಆಗ ಆ ದೇವರ ಬಗ್ಗೆ ನೊವೊಮಿಗೇ ಕಹಿಯಿತ್ತು. ಆತನ ಕೈ ತನಗೆ ವಿರೋಧವಾಗಿದೆ ಎಂದೇ ಆಕೆ ಹೇಳಿಕೊಂಡಿದ್ದಳು. ಅಂಥ ಹೊತ್ತಿನಲ್ಲಿ ರೂತಳು ಆ ದೇವರನ್ನು ತನ್ನವನೆಂದದ್ದು ವರ ಬೇಡಿ ಅಲ್ಲ. ನೊಂದ ಹೆಂಗಸೊಬ್ಬಳನ್ನು ಒಂಟಿಯಾಗಿ ಬಿಡಲಾರದ ಮನಸ್ಸೇ ಅವಳ ಭಕ್ತಿಯ ಬೇರು.

ಕೊನೆಗೆ ನೊವೊಮಿಯ ಗಂಡನ ಬಂಧು, ಸಿರಿವಂತ ಬೋವಜನ ಹೆಂಡತಿಯಾದಳಲ್ಲ, ಲಾಭವಿಲ್ಲದೆ ಬಂದಳೇ ಎಂದು ಕೇಳಬಹುದು. ಆದರೆ ನಿರ್ಧಾರ ಮಾಡಿದ ಗಳಿಗೆಯಲ್ಲಿ ಬೋವಜನ ಸುದ್ದಿಯೇ ಇಲ್ಲ. ನಿಮಗೆ ಕೊಡಲು ನನ್ನಲ್ಲಿ ಗಂಡುಮಕ್ಕಳಿಲ್ಲ ಎಂದು ನೊವೊಮಿ ಕಡ್ಡಿ ಮುರಿದಂತೆ ಹೇಳಿದ್ದಳು. ಬೇತ್ಲೆಹೇಮಿನಲ್ಲಿ ಅವಳಿಗೆ ಮೊದಲು ಸಿಕ್ಕಿದ್ದು ಜವೆಗೋದಿಯ ಹೊಲದಲ್ಲಿ ಹಕ್ಕಲಾಯುವ ಕೆಲಸ. ಕೊಯ್ಲಿನಲ್ಲಿ ಉದುರಿದ್ದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತ್ತು. ಆದರೂ ಆಳುಗಳು ಇವಳ ಮೈಮುಟ್ಟಬಾರದೆಂದು ಹೊಲದೊಡೆಯನಾದ ಬೋವಜ ಅಪ್ಪಣೆ ಕೊಡಬೇಕಾಯಿತು ಎಂದರೆ ಒಂಟಿ ಹೆಣ್ಣಿಗೆ ಆ ಹೊಲ ಎಷ್ಟು ಅಪಾಯದ ಜಾಗವೆಂದು ಊಹಿಸಬಹುದು. ಅಲ್ಲಿ ಸಂಜೆಯವರೆಗೂ ದುಡಿದು, ಮಧ್ಯಾಹ್ನ ತಾನು ತಿಂದು ಮಿಗಿಸಿದ್ದನ್ನೂ ಅವಳು ಅತ್ತೆಗೆ ತಂದುಕೊಟ್ಟಳು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ರಾತ್ರಿ ಕಣದಲ್ಲಿ ಬೋವಜನ ಕಾಲ ಬಳಿ ಮಲಗಲು ಅವಳನ್ನು ಕಳಿಸಿದವಳು ನೊವೊಮಿ. ಮಗು ಹುಟ್ಟಿದಾಗ ನೆರೆಹೊರೆಯ ಹೆಂಗಸರು ನೊವೊಮಿಗೆ ಮಗ ಹುಟ್ಟಿದ ಎಂದರು. ಅಲ್ಲಿ ರೂತಳ ದನಿಯೇ ಕೇಳುವುದಿಲ್ಲ. ಅವಳನ್ನು ಬಳಸಿಕೊಂಡರೇ? ಆ ಕಾಲದ ಕುಟುಂಬ, ಹೆಣ್ಣನ್ನು ವಂಶದ ಲೆಕ್ಕದಲ್ಲೇ ಅಳೆಯುತ್ತಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಕಣದಲ್ಲಿ ನಡೆದದ್ದನ್ನು ನೋಡಿ. ಏನು ಮಾಡಬೇಕೆಂದು ಬೋವಜನೇ ಹೇಳುತ್ತಾನೆ ಎಂದಿದ್ದಳು ಅತ್ತೆ. ರೂತಳು ಕಾಯಲಿಲ್ಲ, ನೀನು ಹತ್ತಿರದ ಬಂಧು, ನನ್ನ ಹೊಣೆ ಹೊರು ಎಂದು ತಾನೇ ಅವನಿಗೆ ಹೇಳಿದಳು. ಅವಳು ಏಳು ಗಂಡುಮಕ್ಕಳಿಗಿಂತ ಮೇಲು ಎಂದು ನೊವೊಮಿಗೆ ಹೇಳಿದವರೂ ಆ ನೆರೆಯ ಹೆಂಗಸರೇ. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ದೇವರ ಸಭೆಗೆ ಸೇರಕೂಡದು ಎನ್ನುತ್ತದೆ ಧರ್ಮೋಪದೇಶಕಾಂಡ. ಮೋವಾಬಿನ ಈ ಹೆಣ್ಣಿನ ಮರಿಮಗ ದಾವೀದ ಇಸ್ರೇಲಿನ ಅರಸನಾದ.